ಮೊದಲು ದಾಸ್ತಾನು, ಆಮೇಲೆ ರಸೀದಿ



ನಮ್ಮ ನಾಡಿನಲ್ಲಿ ಸಹಕಾರದ ದೀಪ ಹಚ್ಚಿದವರು ಸಿದ್ದನಗೌಡ ಪಾಟೀಲರು. 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ. ಅದು ಸಾಲ ಕೊಡುವ ಸಂಘ. ಕಾಲಕ್ರಮೇಣ ಸಂಘಗಳು ಬೀಜ, ಗೊಬ್ಬರದ ಮಾರಾಟಕ್ಕೂ ಇಳಿದವು. ನಗದು ಪುಸ್ತಕದ ಜೊತೆಗೆ ದಾಸ್ತಾನು ಪುಸ್ತಕವೂ ಸೇರಿತು. ಅದರಲ್ಲಿ ಶಿಲ್ಕು ನೋಡಿ, ಆಮೇಲೆ ರಸೀದಿ ಹರಿಯುವುದು ಪದ್ಧತಿ. ಗೋದಾಮಿನಲ್ಲಿ ಇಲ್ಲದ ಮೂಟೆಗೆ ದುಡ್ಡು ಕಟ್ಟಿಸ್ಕೋಬಾರ್ದು, ಅಷ್ಟೇ.

2018ರ ಹೊತ್ತಿಗೆ ಸಬ್ಸಿಡಿ ಗೊಬ್ಬರವನ್ನು ಪಿ.ಓ.ಎಸ್. ಯಂತ್ರದ ಮೂಲಕ ಮಾರುವ ಏರ್ಪಾಡು ದೇಶದೆಲ್ಲೆಡೆ ಬಂತು. ರೈತರು ಬೆರಳೊತ್ತಿದರೆ ಮಾರಾಟ ದಾಖಲಾಗಿ, ಯಂತ್ರದಲ್ಲಿನ ದಾಸ್ತಾನು ತಗ್ಗುತ್ತದೆ. ಕಂಪನಿಗೆ ಸಬ್ಸಿಡಿ ಸಿಗುವುದೂ ಈ ಲೆಕ್ಕದ ಮೇಲೆಯೇ. ಆದ್ದರಿಂದ ಯಂತ್ರದ ಲೆಕ್ಕವೂ ಗೋದಾಮಿನ ಮೂಟೆಯೂ ತಾಳೆಯಾಗಲೇಬೇಕು.

2016ರಲ್ಲಿ ಬಂದ ಯು.ಪಿ.ಐ.ನಿಂದ ಹಣವೇನೋ ಕ್ಷಣದಲ್ಲಿ ಜಮೆಯಾಗುತ್ತದೆ. ಆದರೆ ಫೋನಿಗೆ ಗೋದಾಮು ಕಾಣಿಸೋದಿಲ್ಲ. ಮೂಟೆಯಿಲ್ಲದೆ ಹಣ ಬಂದರೆ ವಾಪಸು ಕೊಡಬಹುದು. ತಪ್ಪಿಹೋದ ಬಿತ್ತನೆಯ ಹದವನ್ನು ವಾಪಸು ಕೊಡುವವರು ಯಾರು?

ಸಾಧನ ಬದಲಾದರೂ ಕ್ರಮ ಬದಲಾಗಬಾರದು. ಸಿಬ್ಬಂದಿ ಮೊದಲು ದಾಸ್ತಾನು ನೋಡಲಿ; ಸದಸ್ಯರೂ "ಮಾಲು ಐತೇನ್ರೀ?" ಎಂದು ಕೇಳಿಯೇ ಫೋನು ತೆಗೆಯಲಿ. ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಇದು ನಮ್ಮ ಅರಿಕೆ.