ಮೀಥೇನ್ ಹೊರಸೂಸುವಿಕೆ: ಗಾಳಿಯ ಅಳತೆಯಿಂದ ಪ್ರಾದೇಶಿಕ ಅಂದಾಜು

ಒಂದು ಪ್ರದೇಶದಿಂದ ವರ್ಷಕ್ಕೆ ಎಷ್ಟು ಮೀಥೇನ್ ಗಾಳಿಗೆ ಸೇರುತ್ತದೆ ಎಂಬುದನ್ನು ಎರಡು ದಿಕ್ಕಿನಿಂದ ಲೆಕ್ಕ ಹಾಕುತ್ತಾರೆ. ಒಂದು, ನೆಲದಿಂದ: ದನ ಎಷ್ಟು, ಗದ್ದೆ ಎಷ್ಟು, ಉರಿದ ಸೌದೆ ಎಷ್ಟು ಎಂದು ಎಣಿಸಿ, ಒಂದೊಂದಕ್ಕೂ ಗೊತ್ತುಮಾಡಿದ ದರದಿಂದ ಗುಣಿಸಿ ಕೂಡುವುದು. ಇನ್ನೊಂದು, ಗಾಳಿಯಿಂದ: ಮೀಥೇನ್ ಪ್ರಮಾಣವನ್ನು ಅಳೆದು, ಆ ಗಾಳಿ ಬಂದ ದಾರಿಯನ್ನು ಕಂಪ್ಯೂಟರ್ ಮಾದರಿಯಲ್ಲಿ ಹಿಂದಕ್ಕೆ ಹಿಡಿದು, ಅದು ಎಲ್ಲೆಲ್ಲಿ ಎಷ್ಟು ಅನಿಲ ಹೊತ್ತುಕೊಂಡಿತು ಎಂದು ತೀರ್ಮಾನಿಸುವುದು. ಈ ಎರಡನೆಯದಕ್ಕೆ ವಿಲೋಮ ವಿಧಾನ ಎಂದು ಹೆಸರು.

ಉದಾಹರಣೆಗೆ, ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮೀಥೇನಿನ ಹಲವು ಮೂಲಗಳು ಒತ್ತೊತ್ತಾಗಿವೆ. ಕೆ.ಆರ್. ನಗರದಲ್ಲಿ ಕಾವೇರಿ ನಾಲೆಗಳ ಭತ್ತದ ಬಯಲು, ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಹನಗೋಡು ಅಣೆಕಟ್ಟೆಯ ಅಚ್ಚುಕಟ್ಟು, ಎಚ್.ಡಿ. ಕೋಟೆಯಲ್ಲಿ 1974ರಲ್ಲಿ ಮುಗಿದ, 19.52 ಟಿಎಂಸಿ ಅಡಿ ಸಾಮರ್ಥ್ಯದ ಕಬಿನಿ ಜಲಾಶಯ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಸರಿದ ಜಾಗದಲ್ಲಿ ಹಸಿರು ಹುಲ್ಲು ಚಿಗುರಿ ಆನೆಗಳ ಹಿಂಡು ಮೇಯಲು ಬರುತ್ತದೆ. ಮುಂಗಾರಿನಲ್ಲಿ ಅದೇ ಹುಲ್ಲು ಮುಳುಗಿ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೊಳೆತು ಮೀಥೇನ್ ಆಗುತ್ತದೆ. ಇವುಗಳ ಜೊತೆಗೆ ಮನೆಮನೆಯ ದನಕರು, ತಂಬಾಕು ಹದಗೊಳಿಸುವ ಬ್ಯಾರನ್‌ಗಳ ಸೌದೆ ಒಲೆ. ಹೊರಗಿನವರಿಗೆ ಮೊದಲು ಕಾಣುವುದು ಬ್ಯಾರನ್ನಿನ ಹೊಗೆ. ಆದರೆ ಸೌದೆಯ ಉರಿಯಿಂದ ಹೊಮ್ಮುವ ಇಂಗಾಲದಲ್ಲಿ ಮೀಥೇನಿನ ಪಾಲು ತೀರ ಚಿಕ್ಕದು. ಲೆಕ್ಕದಲ್ಲಿ ಭಾರ ಬೀಳುವುದು ಕೊಟ್ಟಿಗೆಯ ಕಡೆಯಿಂದ, ಗದ್ದೆಯ ಕಡೆಯಿಂದ.

ನೆಲದ ಲೆಕ್ಕ ನೋಡಲು ಸರಳ. ಅದರ ದುರ್ಬಲ ಜಾಗ ದರ. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ (ಐಪಿಸಿಸಿ) 2006ರ ಮಾರ್ಗಸೂಚಿಯ ಪ್ರಕಾರ ಸದಾ ನೀರು ನಿಂತ ಗದ್ದೆಗೆ ಹೆಕ್ಟೇರಿಗೆ ದಿನಕ್ಕೆ 1.3 ಕೆ.ಜಿ.; 2019ರ ಪರಿಷ್ಕರಣೆಯಲ್ಲಿ ದಕ್ಷಿಣ ಏಷ್ಯಾಕ್ಕೆ 0.85 ಕೆ.ಜಿ. 120 ದಿನದ ಬೆಳೆಗೆ ಮೊದಲ ದರದಲ್ಲಿ 156 ಕೆ.ಜಿ., ಎರಡನೆಯದರಲ್ಲಿ 102. ಗದ್ದೆಯಲ್ಲಿ ಏನೂ ಬದಲಾಗದೆ ಕಾಗದದ ಮೇಲೆ ಮೂರನೇ ಒಂದು ಭಾಗ ಕರಗಿತು.

ಇದಕ್ಕಿಂತ ದೊಡ್ಡ ಅಂತರವನ್ನೂ ಭಾರತ ಕಂಡಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1990ರ ಸುಮಾರಿಗೆ ಭಾರತದ ಭತ್ತದ ಗದ್ದೆಗಳ ಮೇಲೆ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಹೊರಿಸಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರಾ ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ಹಲವೆಡೆ ಗದ್ದೆಗಳಲ್ಲೇ ಅಳತೆ ನಡೆಯಿತು. ಪೈರಿನ ಬುಡಗಳ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಕೆಲವು ನಿಮಿಷಗಳಿಗೊಮ್ಮೆ ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು, ಮೀಥೇನ್ ಏರುವ ವೇಗವನ್ನು ಪ್ರಯೋಗಾಲಯದಲ್ಲಿ ಕಂಡುಕೊಳ್ಳುವುದು ವಿಧಾನ. ಬಂದ ಉತ್ತರ ಸುಮಾರು 40 ಲಕ್ಷ ಟನ್. ಹವಾಮಾನದ ಹೊಣೆಯನ್ನು ಬಡ ರೈತನ ತಲೆಗೆ ಕಟ್ಟುವ ಮಾತು ಜೋರಾಗಿದ್ದ ಕಾಲದಲ್ಲಿ ಕೆಸರಿಗಿಳಿದು ಅಳೆದ ಈ ಕೆಲಸದ ಬೆಲೆ ದೊಡ್ಡದು.

ವಿಲೋಮ ವಿಧಾನದಲ್ಲಿ ನೆಲದ ಲೆಕ್ಕವನ್ನು ಬಿಸಾಡುವುದಿಲ್ಲ. ಅದನ್ನೇ ಮೊದಲ ಊಹೆಯಾಗಿ ಇಟ್ಟುಕೊಳ್ಳುತ್ತಾರೆ. ಹವಾಮಾನ ದತ್ತಾಂಶದ ಗಾಳಿಯಲ್ಲಿ ಸಾವಿರಾರು ಕಾಲ್ಪನಿಕ ಕಣಗಳನ್ನು ಅಳತೆಯ ಜಾಗದಿಂದ ಹಿಂದಕ್ಕೆ ಬಿಟ್ಟು, ಅವು ಯಾವ ನೆಲವನ್ನು ಸವರಿಕೊಂಡು ಬಂದವು ಎಂದು ನೋಡುತ್ತಾರೆ. ಮಾದರಿ ಹೇಳಿದ ಪ್ರಮಾಣಕ್ಕೂ ಉಪಕರಣ ತೋರಿಸಿದ್ದಕ್ಕೂ ಇರುವ ವ್ಯತ್ಯಾಸ ಕಡಿಮೆಯಾಗುವ ಹಾಗೆ ಊಹೆಯನ್ನು ತಿದ್ದುತ್ತಾರೆ. ಯಾವುದರ ಮೇಲೆ ಎಷ್ಟು ನಂಬಿಕೆ ಇಡಬೇಕೆಂಬುದನ್ನು ಬೇಯ್ಸ್ ಸಂಭವನೀಯತಾ ಸೂತ್ರ ನಿರ್ಧರಿಸುತ್ತದೆ.

ಮೀಟರಿನ ಸಂಖ್ಯೆಯನ್ನು ನೇರವಾಗಿ ನಂಬಿದರೆ ದಾರಿ ತಪ್ಪುತ್ತದೆ ಎಂಬುದಕ್ಕೆ ಪಶ್ಚಿಮ ಕರಾವಳಿಯೇ ಸಾಕ್ಷಿ. ಗೋವಾದ ಕಾಬೊ ದ ರಾಮದಲ್ಲಿ 1993ರಿಂದ ಸೀಸೆಗಳಲ್ಲಿ ಹಿಡಿದ ಗಾಳಿಯಲ್ಲಿ ಮೀಥೇನ್ ಮಳೆಗಾಲದಲ್ಲೇ ಕಡಿಮೆ. ಗದ್ದೆಗಳಲ್ಲಿ ನೀರು ನಿಂತಿರುವ ಕಾಲದಲ್ಲಿ ಹೀಗಾಗಲು ಕಾರಣ ಗಾಳಿಯ ಮೂಲ: ಮುಂಗಾರು ಮಾರುತ ಮೀಥೇನ್ ಕಡಿಮೆಯಿರುವ ದಕ್ಷಿಣ ಗೋಳಾರ್ಧದಿಂದ ಅರಬ್ಬೀ ಸಮುದ್ರದ ಮೇಲೆ ಬರುತ್ತದೆ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ, ಉಪಖಂಡದ ನೆಲದ ಮೇಲೆ ಹಾದು ಬರುವುದರಿಂದ ಪ್ರಮಾಣ ಏರುತ್ತದೆ. ಹುಣಸೂರಿನಲ್ಲಿ ಅಳೆದರೂ ಜುಲೈ ತಿಂಗಳಲ್ಲಿ ಕೊಡಗು, ವಯನಾಡು ದಾಟಿ ಬಂದ ಕಡಲ ಗಾಳಿಯ ಪ್ರಮಾಣವನ್ನು ಮೊದಲು ಕಳೆಯಬೇಕು. ಜಗತ್ತಿನ ಗಾಳಿಯ ನೂರು ಕೋಟಿ ಅಣುಗಳಲ್ಲಿ ಈಗ 1900ಕ್ಕೂ ಹೆಚ್ಚು ಮೀಥೇನ್ ಅಣುಗಳಿವೆ. ಊರಿನ ಪಾಲು ಅದರ ಮೇಲೆ ಸೇರುವ ಅಲ್ಪ ಮೊತ್ತ.

ಭಾರತಕ್ಕೆ ಈ ವಿಧಾನದ ಮುಖ್ಯ ಫಲಿತಾಂಶ 2017ರದು. ಅನಿತಾ ಗಣೇಶನ್ ಮತ್ತು ಸಂಗಡಿಗರು ಉಪಗ್ರಹ, ನೆಲದ ಕೇಂದ್ರ ಮತ್ತು ವಿಮಾನದ ಅಳತೆಗಳನ್ನು ಕೂಡಿಸಿ, 2010ರಿಂದ 2015ರವರೆಗೆ ದೇಶದ ಹೊರಸೂಸುವಿಕೆ ವರ್ಷಕ್ಕೆ ಸರಾಸರಿ 2.2 ಕೋಟಿ ಟನ್ ಎಂದು ಕಂಡರು. ಅನಿಶ್ಚಿತತೆಯ ಮಿತಿ 1.96ರಿಂದ 2.43 ಕೋಟಿ. ಆ ಅವಧಿಯಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ವಿಶ್ವಸಂಸ್ಥೆಗೆ ಭಾರತ ಕೊಟ್ಟ ವರದಿಗೆ ಈ ಮೊತ್ತ ಹೊಂದಿಕೆಯಾಯಿತು.

ದೇಶಕ್ಕೆ ಒಪ್ಪುವ ಸಂಖ್ಯೆಯನ್ನು ತಾಲ್ಲೂಕಿಗೆ ಇಳಿಸುವುದು ಬೇರೆ ಮಾತು. 2009ರಲ್ಲಿ ಹಾರಿದ ಜಪಾನಿನ ಗೋಸ್ಯಾಟ್ ಉಪಗ್ರಹ ಒಂದು ನೋಟದಲ್ಲಿ ಸುಮಾರು 10 ಕಿ.ಮೀ. ಅಗಲದ ನೆಲ ನೋಡುತ್ತದೆ, ಎರಡು ನೋಟಗಳ ನಡುವೆ ದೊಡ್ಡ ಖಾಲಿ ಬಿಡುತ್ತದೆ. 2017ರಲ್ಲಿ ಉಪಗ್ರಹವೊಂದರ ಮೇಲೆ ಹಾರಿದ ಟ್ರೊಪೊಮಿ ಉಪಕರಣ ಇನ್ನೂ ಸೂಕ್ಷ್ಮ. ಎರಡೂ ನೆಲದಿಂದ ಪ್ರತಿಫಲಿಸಿದ ಬಿಸಿಲನ್ನೇ ಓದುತ್ತವೆ, ಮೋಡವಿದ್ದರೆ ಓದಲಾರವು. ಇಲ್ಲಿನ ಕಷ್ಟ ಇದೇ: ನಾಟಿಯಾದ ಗದ್ದೆ, ತುಂಬುವ ಕಬಿನಿ, ಆಗಸ್ಟ್‌ನಿಂದ ಉರಿಯುವ ಬ್ಯಾರನ್, ಮೂರೂ ಮೋಡದ ತಿಂಗಳುಗಳವು. ಆಕಾಶ ತಿಳಿಯಾಗುವ ಹೊತ್ತಿಗೆ ಭತ್ತ ಕೊಯ್ಲಿಗೆ ಬಂದಿರುತ್ತದೆ. ಹಾಗಾಗಿ ಈ ನಾಲ್ಕು ತಾಲ್ಲೂಕುಗಳಿಗೆ ಉಪಗ್ರಹದ ನಕ್ಷೆಯಿಂದ ಮಳೆಗಾಲದ ಸಂಖ್ಯೆ ಓದಿದರೆ, ಅದರಲ್ಲಿ ಅಳತೆಗಿಂತ ಮೊದಲ ಊಹೆಯ ಪಾಲೇ ಹೆಚ್ಚಿರುತ್ತದೆ.

ಮಳೆಯಲ್ಲೂ ನಿಲ್ಲದ ಅಳತೆ ಬೇಕಾದರೆ ಎತ್ತರದ ಗೋಪುರದಲ್ಲಿ ಲೇಸರ್ ಉಪಕರಣ ಕೂರಿಸಬೇಕು. ಮೀಥೇನಿನ ಜೊತೆ ಕಾರ್ಬನ್ ಮೊನಾಕ್ಸೈಡನ್ನೂ ಅಳೆದರೆ ಸೌದೆ ಉರಿಯ ಪಾಲು ಬೇರೆಯಾಗುತ್ತದೆ, ಏಕೆಂದರೆ ಅರೆಬೆಂದ ಉರಿಯಲ್ಲಿ ಅದು ಧಾರಾಳ, ದನದ ಉಸಿರಲ್ಲಿ ಇಲ್ಲ. ಇಂಗಾಲದ ಸಮಸ್ಥಾನಿಗಳೂ ನೆರವಾಗುತ್ತವೆ: ಸೂಕ್ಷ್ಮಜೀವಿಗಳು ಮಾಡಿದ ಮೀಥೇನಿನಲ್ಲಿ ಇಂಗಾಲ-13 ಕಡಿಮೆ, ಉರಿಯಿಂದ ಬಂದದ್ದರಲ್ಲಿ ಹೆಚ್ಚು. ಗದ್ದೆಯನ್ನೂ ದನವನ್ನೂ ಬೇರ್ಪಡಿಸಲು ಮಾತ್ರ ಇದು ಸಾಲದು, ಎರಡೂ ಸೂಕ್ಷ್ಮಜೀವಿಗಳ ಕೆಲಸವೇ. ಅಲ್ಲಿ ಕಾಲ ನೆರವಾಗುತ್ತದೆ: ದನ ವರ್ಷವಿಡೀ ಮೆಲುಕು ಹಾಕುತ್ತದೆ, ಗದ್ದೆಯ ಮೀಥೇನ್ ನಾಲೆಗೆ ನೀರು ಬಿಟ್ಟ ಮೇಲೆ ಏರಿ, ಗದ್ದೆ ಬಸಿದ ಮೇಲೆ ಇಳಿಯುತ್ತದೆ.