541 ಪ್ರಶ್ನೆಗಳು ಮತ್ತು ಅಜ್ಜಿಯ ಕೈ

ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಆಗಿ ಮನೆಗೆ ಬಂದಿದ್ದಳು. ನೋಡಿಕೊಳ್ಳೋಕೆ ಅಂತ ಇಟ್ಟಿದ್ದ ಹೋಂ ನರ್ಸ್ ರಾತ್ರಿ ಹೊತ್ತು ಅವಳ ಕೈಯನ್ನ ಹಳೇ ಸೀರೆ ತುಂಡಿನಿಂದ ಮಂಚಕ್ಕೆ ಕಟ್ಟುತ್ತಿದ್ದರು. "ಇಲ್ಲಾಂದ್ರೆ ಎದ್ದು ಬಿದ್ದುಬಿಡ್ತಾರೆ ಅಣ್ಣಾ" ಅಂದರು. ನಮಗೂ ಸರಿ ಅನ್ನಿಸಿತು. ಅಜ್ಜಿಯನ್ನ ಮಾತ್ರ ಯಾರೂ ಕೇಳಲಿಲ್ಲ.

ಆ ಗಂಟು ತಲೆಯಲ್ಲಿ ಉಳಿದುಬಿಟ್ಟಿತ್ತು. ಬೇರೆ ಕಡೆ ಇದಕ್ಕೇನು ಮಾಡ್ತಾರೆ ಅಂತ ಹುಡುಕುತ್ತಾ ಹೋದವನು ಅಮೆರಿಕದ ನರ್ಸಿಂಗ್ ಹೋಮ್‌ಗಳ ಇತಿಹಾಸಕ್ಕೆ ಬಂದು ಬಿದ್ದೆ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆಗೋ ಅಪೆಂಡಿಕ್ಸಿಗೋ ಹೋಗುವ ಚಿಕ್ಕ ಖಾಸಗಿ ಆಸ್ಪತ್ರೆ. ಅಲ್ಲಿ ಹಾಗಲ್ಲ. ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದವರು, ಹೆಚ್ಚಿನಂಶ ವಯಸ್ಸಾದವರು, ತಿಂಗಳು ವರ್ಷಗಟ್ಟಲೆ ಇರುವ ಜಾಗ ಅದು.

ಈ ವ್ಯವಸ್ಥೆಯನ್ನ ಯಾರೂ ಯೋಚಿಸಿ ಕಟ್ಟಿದ್ದಲ್ಲ. 1935ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಡ ವೃದ್ಧರಿಗೆ ಸಹಾಯಧನ ಕೊಟ್ಟಿತು. ಆದರೆ ಒಂದು ಷರತ್ತು: ಸರ್ಕಾರಿ ಅನಾಥಾಲಯದಂಥ ಕಡೆ ಇರುವವರಿಗೆ ದುಡ್ಡಿಲ್ಲ. ಆ ಕೆಟ್ಟ ಜಾಗಗಳು ಮುಚ್ಚಲಿ ಅನ್ನೋದು ಉದ್ದೇಶ. ಆಗಿದ್ದೇನು? ಮುದುಕರು ಅಲ್ಲಿಂದ ಹೊರಟು ಖಾಸಗಿ ವಸತಿಗಳಿಗೆ ಸೇರಿದರು. ಅವೇ ಬೆಳೆದು ನರ್ಸಿಂಗ್ ಹೋಮ್‌ಗಳಾದವು! ಅವಕ್ಕೆ ಲೈಸೆನ್ಸ್ ಕೊಡುವ ವ್ಯವಸ್ಥೆ ಇರಲಿ ಅಂತ ರಾಜ್ಯಗಳಿಗೆ ಕೇಂದ್ರ ಹೇಳಿದ್ದು 1950ರ ತಿದ್ದುಪಡಿಯಲ್ಲಿ.

1963ರ ನವೆಂಬರ್ 23ರ ಬೆಳಗಿನ ಜಾವ ಓಹಾಯೋದ ಫಿಚ್‌ವಿಲ್ ಎಂಬ ಊರಿನ ನರ್ಸಿಂಗ್ ಹೋಮಿಗೆ ಬೆಂಕಿ ಬಿತ್ತು. 63 ಜನ ಸತ್ತರು. ಹಿಂದಿನ ದಿನವಷ್ಟೇ ಕೆನಡಿ ಹತ್ಯೆಯಾಗಿತ್ತು, ಸುದ್ದಿ ಅದರಡಿ ಮುಚ್ಚಿಹೋಯಿತು. 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಬಂದು ಸರ್ಕಾರದ ದುಡ್ಡು ಹೊಳೆಯಂತೆ ಹರಿಯಿತು. ದುಡ್ಡು ಕೊಡೋರು ತಪಾಸಣೆ ಮಾಡಲೇಬೇಕಲ್ಲ? ಕಟ್ಟಡದ ಅಗ್ನಿಸುರಕ್ಷೆಗೆ ನಿಯಮಗಳು ಬಂದವು. 1970ರಲ್ಲಿ ಅದೇ ಓಹಾಯೋದ ಮರಿಯೆಟ್ಟಾದಲ್ಲಿ, ಹೊಸ ಗಟ್ಟಿಮುಟ್ಟು ಕಟ್ಟಡದಲ್ಲಿ, ಮತ್ತೆ 30ಕ್ಕೂ ಹೆಚ್ಚು ಜನ ಸತ್ತರು. ಗೋಡೆ ನಿಂತಿತ್ತು, ನೆಲದ ಕಾರ್ಪೆಟ್ಟು ಉರಿದು ಕಾರಿದ ಹೊಗೆ ಜನರನ್ನ ಕೊಂದಿತ್ತು.

ಅಂದ್ರೆ, ಪಟ್ಟಿಯಲ್ಲಿ ಏನಿದೆಯೋ ಅದನ್ನಷ್ಟೇ ನೋಡ್ತಿದ್ದರು. ಇದಕ್ಕೆ ಅತ್ಯುತ್ತಮ ಸಾಕ್ಷಿ ಸಿಕ್ಕಿದ್ದು ಕೊಲೊರಾಡೊದ ಒಂದು ಕೇಸಿನಲ್ಲಿ. 1975ರಲ್ಲಿ ಅಲ್ಲಿನ ನರ್ಸಿಂಗ್ ಹೋಮ್ ನಿವಾಸಿಗಳೇ ಕೋರ್ಟಿಗೆ ಹೋದರು. ನಮಗೆ ಒಳ್ಳೆ ಆರೈಕೆ ಸಿಗ್ತಿದೆಯಾ ಅಂತ ನೋಡೋದು ಕೇಂದ್ರ ಸರ್ಕಾರದ ಕರ್ತವ್ಯ ಅನ್ನೋದು ಅವರ ವಾದ. ತಪಾಸಣೆಯ ಫಾರಂ ತೆಗೆದು ನೋಡಿದರೆ ಅದರಲ್ಲಿ 541 ಪ್ರಶ್ನೆ. ರೋಗಿಯ ಆರೈಕೆಗೆ ಅಲ್ಪಸ್ವಲ್ಪವಾದರೂ ಸಂಬಂಧಿಸಿದ್ದು, ಅಥವಾ ರೋಗಿಯ ಮುಖ ನೋಡಬೇಕಾಗಿ ಬರಬಹುದಾಗಿದ್ದು ಎಷ್ಟು ಗೊತ್ತಾ? 30. ಬರೀ ಮೂವತ್ತು!

ಓದಿ ನಗು ಬಂತು, ಆಮೇಲೆ ನಾಚಿಕೆ. ನಮ್ಮ ಸಾಫ್ಟ್‌ವೇರ್ ಆಡಿಟ್‌ಗಳೂ ಇದೇ ಜಾತಿ. ಟೆಸ್ಟ್ ಪ್ಲ್ಯಾನ್ ಇದೆಯಾ? ಟಿಕ್. ಸಹಿ ಇದೆಯಾ? ಟಿಕ್. ಪ್ರೋಗ್ರಾಮ್ ಓಡುತ್ತಾ? ಆ ಕಾಲಂ ಇಲ್ಲ.

1984ರಲ್ಲಿ, 'ಸ್ಮಿತ್ ವರ್ಸಸ್ ಹೆಕ್ಲರ್' ಎಂದು ಹೆಸರಾದ ಈ ಕೇಸಿನಲ್ಲಿ, ಮೇಲ್ಮನವಿ ಕೋರ್ಟು ನಿವಾಸಿಗಳ ಪರ ತೀರ್ಪು ಕೊಟ್ಟಿತು. ಆರೈಕೆ ಕೊಡುವ ಸಾಮರ್ಥ್ಯ ಕಾಗದದ ಮೇಲಿದ್ದರೆ ಸಾಲದು, ನಿಜಕ್ಕೂ ಸಿಗ್ತಿದೆಯಾ ಅಂತ ಸರ್ಕಾರ ತಿಳಿದುಕೊಳ್ಳಬೇಕು. 1986ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಬಂತು, 1987ರ ಡಿಸೆಂಬರಿನಲ್ಲಿ ರೇಗನ್ ಸಹಿಯಿಂದ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆ ಆಯಿತು. ಹೇಳದೆ ಕೇಳದೆ ತಪಾಸಣೆ, ಎರಡು ತಪಾಸಣೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು. ಸಹಾಯಕಿಯರಿಗೆ ಕನಿಷ್ಠ 75 ಗಂಟೆ ತರಬೇತಿ. ಪ್ರತಿಯೊಬ್ಬರಿಗೂ ಅವರದೇ ಆರೈಕೆ ಯೋಜನೆ. ತಪಾಸಣೆಗೆ ಬಂದವರು ನಿವಾಸಿಗಳ ಜೊತೆ ಕೂತು ಮಾತಾಡಬೇಕು.

ಮತ್ತೆ ನನ್ನನ್ನ ತಡೆದು ನಿಲ್ಲಿಸಿದ್ದು: ಸಿಬ್ಬಂದಿಯ ಅನುಕೂಲಕ್ಕೋ ಶಿಕ್ಷೆಗೋ ಯಾರನ್ನೂ ಕಟ್ಟಿಹಾಕುವಂತಿಲ್ಲ. 1980ರ ದಶಕದ ಕೊನೆಯಲ್ಲಿ ಅಲ್ಲಿ ನೂರಕ್ಕೆ ಸುಮಾರು 40 ಜನರನ್ನ ಮಂಚಕ್ಕೋ ಕುರ್ಚಿಗೋ ಕಟ್ಟುತ್ತಿದ್ದರಂತೆ. ಕಾರಣ ನಮ್ಮದೇ, "ಬಿದ್ದುಬಿಡ್ತಾರೆ". ಪಟ್ಟಿಗೆ ಸಿಕ್ಕಿ ಉಸಿರುಕಟ್ಟಿ ಸತ್ತವರೂ ಇದ್ದರು. ಬಿಚ್ಚಿದ ಮೇಲೆ ಸಿಬ್ಬಂದಿ ಬೇರೆ ಪ್ರಶ್ನೆ ಕೇಳಬೇಕಾಯಿತು: ಇವರು ಯಾಕೆ ಏಳ್ತಾರೆ? ಬಚ್ಚಲಿಗಾ? ನೋವಾ? ಬಾಯಾರಿಕೆಯಾ? 2010ರ ದಶಕದ ಮಧ್ಯಕ್ಕೆ ಕಟ್ಟುವ ಪ್ರಮಾಣ ನೂರಕ್ಕೆ ಎರಡಕ್ಕಿಂತ ಕೆಳಗಿಳಿದಿತ್ತು.

ಕಥೆ ಸುಖಾಂತ್ಯವೇನಲ್ಲ. ಹಗ್ಗ ಹೋದ ಕಡೆ ಮಂಪರು ಬರಿಸುವ ಮಾತ್ರೆ ಬಂತು. ಮಾತ್ರೆಯ ಲೆಕ್ಕ ಕೇಳಿದಾಗ, ಸ್ಕಿಜೋಫ್ರೇನಿಯಾ ಇದ್ದವರನ್ನ ಲೆಕ್ಕದಿಂದ ಬಿಡುವ ವಿನಾಯಿತಿ ಹಿಡಿದು ಕೆಲವೆಡೆ ಇಲ್ಲದ ಕಾಯಿಲೆಯನ್ನೇ ಬರೆದರು. 2023ರಲ್ಲಿ ಸರ್ಕಾರ ಅದಕ್ಕೂ ಆಡಿಟ್ ಶುರುಮಾಡಬೇಕಾಯಿತು. 2024ರಲ್ಲಿ, ಒಬ್ಬೊಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 3.48 ಗಂಟೆಯ ಶುಶ್ರೂಷೆ ಸಿಗುವಷ್ಟು ಸಿಬ್ಬಂದಿ ಇರಬೇಕು ಅಂತ ನಿಯಮ ಬಂತು. ಅಷ್ಟು ಜನ ಎಲ್ಲಿಂದ ತರೋದು ಅಂತ ಮಾಲೀಕರು ಕೋರ್ಟಿಗೆ ಹೋದರು, 2025ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಫೆಡರಲ್ ಕೋರ್ಟು ಅದನ್ನ ರದ್ದು ಮಾಡಿತು.

ಆದರೂ ಆ 541ರಿಂದ 'ಯಾಕೆ ಏಳ್ತಾರೆ' ಅನ್ನೋ ಒಂದು ಪ್ರಶ್ನೆವರೆಗಿನ ದಾರಿ ಚಿಕ್ಕದಲ್ಲ. ಎಷ್ಟೋ ಜೀವ ಹೋಗಿ, ಹತ್ತಾರು ವರ್ಷ ಕಳೆದು ಕಲಿತ ಪಾಠ ಅದು.

ಇದನ್ನೆಲ್ಲ ಓದಿದ್ದು ಅಜ್ಜಿ ಹೋದ ಮೇಲೆ. ರಾತ್ರಿ ಯಾಕೆ ಏಳ್ತಿದ್ದಳೋ ನಂಗೆ ಇವತ್ತಿಗೂ ಗೊತ್ತಿಲ್ಲ. ಮನೆಯೊಳಗಿನ ಮಂಚ ನೋಡೋಕೆ ಯಾವ ಇನ್ಸ್‌ಪೆಕ್ಟರೂ ಬರೋದಿಲ್ಲ, ನಾವೇ ಕೇಳಬೇಕಿತ್ತು. ನಿಮ್ಮ ಮನೇಲೂ ಹೀಗೆ ಹಾಸಿಗೆ ಹಿಡಿದವರಿದ್ದರೆ, ಇವತ್ತು ರಾತ್ರಿ ಒಮ್ಮೆ ಪಕ್ಕದಲ್ಲಿ ಕೂತು ಕೇಳಿ ನೋಡಿ.