ಅಂಚಿನ ಟಿಪ್ಪಣಿಗಳು

ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪಠ್ಯಪುಸ್ತಕಗಳ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಟಿಪ್ಪಣಿಗಳಿಂದ ನಾನು ಎಷ್ಟೋ ಕಲಿತಿದ್ದೇನೆ. ಡಿಜಿಟಲ್ ಪುಸ್ತಕದ ಚರಿತ್ರೆಯಲ್ಲಿ ಅಂಥ ಟಿಪ್ಪಣಿಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿವೆ.

2009ರ ಜುಲೈನಲ್ಲಿ, ಮಾರಾಟಕ್ಕಿಟ್ಟವರಿಗೆ ಹಕ್ಕೇ ಇರಲಿಲ್ಲವೆಂದು ಅಮೆಜಾನ್ ಕಂಪನಿ ಜಾರ್ಜ್ ಆರ್ವೆಲ್‌ರ ‘1984’ ಕಾದಂಬರಿಯ ಪ್ರತಿಗಳನ್ನು ಓದುಗರ ಕಿಂಡಲ್‌ಗಳಿಂದ ಅಳಿಸಿ, ಹಣ ಮರಳಿಸಿತು. ಶಾಲೆಯ ಪಾಠಕ್ಕಾಗಿ ಅದನ್ನು ಓದುತ್ತಿದ್ದ ಅಮೆರಿಕದ ವಿದ್ಯಾರ್ಥಿಯೊಬ್ಬನ ಟಿಪ್ಪಣಿಗಳು ಪುಟಗಳಿಲ್ಲದೆ ಅರ್ಥ ಕಳೆದುಕೊಂಡವು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರೂ ಆತ ಮೊಕದ್ದಮೆ ಹೂಡಿದ. ಕಂಪನಿ ರಾಜಿಗೆ ಬಂತು.

ಅಂತರ್ಜಾಲ ಸ್ವಾತಂತ್ರ್ಯದ ನಮ್ಮ ಚರ್ಚೆ ಬಹುಪಾಲು ಸರ್ಕಾರದ ನಿರ್ಬಂಧಗಳ ಬಳಿಯೇ ನಿಂತುಬಿಡುತ್ತದೆ. ಕೊಂಡ ಪುಸ್ತಕವನ್ನು ಉಳಿಸಿಕೊಳ್ಳುವ, ಇನ್ನೊಬ್ಬರಿಗೆ ದಾಟಿಸುವ ಹಕ್ಕೂ ಅದರೊಳಗೆ ಬರಬೇಕು. ತರಗತಿಗೆ ಟ್ಯಾಬ್ಲೆಟ್ ಬರುವಾಗ, ಪಠ್ಯವನ್ನು ಅಳಿಸುವ ಅಧಿಕಾರ ಯಾರಲ್ಲಿರುತ್ತದೆ ಎಂದು ಮೊದಲೇ ಕೇಳೋಣ.